ವಾಕಿಟಾಕಿಯಲ್ಲಿ ‘ಊಟ ಆತೇನ್ರಿ?’

ಬೆಳ್ಳಂದೂರು

ಶಿವಗಂಗಕ್ಕಾ, ಇಟ್ಟಿಗೆ ಹೊರುವುದು ತಪ್ಪಿತು, ಈಗ ನನ್ನ ಕೈಯಲ್ಲಿ ವಾಕಿಟಾಕಿ! ಕೆಳಗೆ ನಿಂತು ನಾನು ಹೇಳಿದಂತೆ ಆಂಜಿನಪ್ಪಣ್ಣ ಮೇಲೆ ಕ್ರೇನ್ ಆಡಿಸುತ್ತಾನೆ. ಆದರೆ ಪಕ್ಕದ ಕಟ್ಟಡದವರೂ ನಮ್ಮ ಚಾನೆಲ್ಲಿನಲ್ಲೇ ಮಾತಾಡುತ್ತಾರೆ. ಸೋಮವಾರ ನಾನು ‘ಇಳಸ್ರಿ’ ಅಂದದ್ದೇ ತಡ, ಅವರ ಕ್ರೇನೂ ಮರಳು ಇಳಿಸಿಬಿಟ್ಟಿತು, ಬೇಲಿ ಪಕ್ಕ ನಿಲ್ಲಿಸಿದ್ದ ನಮ್ಮ ಮೇಸ್ತ್ರಿಯ ಬೈಕಿನ ಮೇಲೆ!

‘ಇನ್ನೊಂದ್ಸಲ ಹಿಂಗಾದ್ರೆ ಸೆಟ್ ಕಿತ್ಕೊಂಡು ಇಟ್ಟಿಗೆ ಹೊರಿಸ್ತೀನಿ ಮಗಾ’ ಅಂದರು ಮೇಸ್ತ್ರಿ.

ಪಕ್ಕದವರೆಲ್ಲ ನಮ್ಮ ಕಡೆ ಹುಡುಗರು. ಅದಕ್ಕೇ ಈಗ ಮೊದಲು ‘ಊಟ ಆತೇನ್ರಿ?’ ಎಂದು ಕೇಳುತ್ತೇನೆ. ಈ ಮಾತಿಗೆ ನಮ್ಮವರು ಸುಮ್ಮನಿರುತ್ತಾರೇನು? ‘ಆತು, ನಿಮ್ದು?’ ಎಂದು ದನಿ ಬಂದರೆ ಚಾನೆಲ್ ಖಾಲಿ ಇಲ್ಲವೆಂದೇ ಅರ್ಥ. ನಾನೂ ಆಂಜಿನಪ್ಪಣ್ಣನೂ ಮುಂದಿನ ನಂಬರಿಗೆ ತಿರುಗಿಸಿ, ಅಲ್ಲೂ ಕೇಳುತ್ತೇವೆ. ಯಾರೂ ಉತ್ತರಿಸದಿದ್ದರೆ ಕೆಲಸ ಶುರು. ಆಮೇಲೆ ಒಂದು ಸಲವೂ ತಪ್ಪಿಲ್ಲ.

ಮೇಲೆ ನೋಡಿ ನೋಡಿ ಕುತ್ತಿಗೆ ಹಿಡಿದಿದೆ, ಎಣ್ಣೆ ಹಚ್ಚುತ್ತಿದ್ದೇನೆ. ಅವ್ವನಿಗೆ ಹೇಳಬೇಡ.

ಇವತ್ತು ಕೇಳಿದರೆ ಮೇಸ್ತ್ರಿಯೇ ಆಫೀಸಿನ ಸೆಟ್ಟಿನಿಂದ ಉತ್ತರ ಕೊಟ್ಟರು: ‘ಮುದ್ದೆ ತಿಂದೆ ಕಣೋ. ಸೆಟ್ ನಿನ್ ಹತ್ರಾನೇ ಇರ್ಲಿ.’

ಕಬ್ಬಿಣದ ಲಾರಿ ಬಂತು, ಓಡುತ್ತೇನೆ.

ನಿನ್ನ ತಮ್ಮ
ಯಮನಪ್ಪ