ಬೀಗರ ಬಾಟಲಿ

ಹುಮನಾಬಾದ್
೧೪ ನವೆಂಬರ್ ೧೯೯೮

ಪ್ರೀತಿಯ ಉಜ್ವಲಕ್ಕಾ,

ಎರಡು ವರ್ಷದಿಂದ ಮುಚ್ಚಿಟ್ಟದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಸಾಲುವುದಿಲ್ಲ. ನಿನ್ನ ಮದುವೆಯಲ್ಲಿ ‘ಬೀಗರ ಬಾಟಲಿ’ ಎಂಬ ಹೆಸರು ಕಟ್ಟಿದ್ದು ಅಜ್ಜಿಯಲ್ಲ, ನಾನು. ನೀನು ಹೇಗಿದ್ದೀ? ಕೆಮ್ಮು ಇಳಿಯಿತೇ? ಮಗುವಿಗೆ ಹಲ್ಲು ಬಂದಿದೆ ಎಂದು ನಮ್ಮ ಓಣಿಯ ಲಾರಿ ಡ್ರೈವರ್ ಪಂಡರಿ ಹೇಳಿದ. ನಾವಿನ್ನೂ ಅದರ ಮುಖ ನೋಡಿಲ್ಲ.

ಬೀಗರ ಮುಂದೆ ಸಿಹಿಯ ತಟ್ಟೆ ತೆರೆಯುವಾಗ ಒಂದೊಂದಕ್ಕೂ ಚೇಷ್ಟೆಯ ಹೆಸರು ಕೂಗುವುದರಲ್ಲಿ ಅಜ್ಜಿ ಪಳಗಿದವಳು. ಬಾಯಿ ಬಿಗಿದ ಕರ್ಜಿಕಾಯಿಗೆ ‘ಅತ್ತಿ ಸಿಟ್ಟು’ ಎಂದಳು, ದೊಡ್ಡ ಬೂಂದಿ ಉಂಡೆಗೆ ‘ಅಳಿಯನ ತಲಿ’ ಎಂದಳು. ನಿನ್ನ ಅತ್ತೆ ಶಕುಂತಲಾಬಾಯಿಯವರೇ ಬಾಯಿಗೆ ಸೆರಗು ಹಿಡಿದು ನಕ್ಕು, ‘ಹೌದ್ ನೋಡ್ರಿ, ನನ್ ಮಗನ್ ತಲಿ ಹಿಂಗೇ ಅದ, ಒಳಗ ಬರೇ ಬೂಂದಿ!’ ಎಂದರು. ಶೇಂಗಾ ಉಂಡೆಯ ಹಿಟ್ಟನ್ನು ಶೀಶೆಯ ಹಾಗೆ ತಿದ್ದಿ ತಟ್ಟೆಯ ತುದಿಗೆ ಇಟ್ಟವನು ನಾನು. ‘ಇದಕ್ಕೇನ್ ಅನ್ಲೋ?’ ಎಂದು ಅಜ್ಜಿ ಕೇಳಿದಾಗ ಕಿವಿಯಲ್ಲಿ ಆ ಹೆಸರು ಹೇಳಿಕೊಟ್ಟೆ. ಅವಳು ಔಷಧದ ಬಾಟಲಿ ಎಂದುಕೊಂಡು ಹಂದರಕ್ಕೆಲ್ಲ ಕೇಳುವಂತೆ ಕೂಗಿದಳು. ನಿನ್ನ ಮಾವ ವೈಜನಾಥ ಅವರು ಹಿಂದಿನ ದಿನ ಟ್ರ್ಯಾಕ್ಟರ್ ಮರೆಯಲ್ಲಿ ಕುಡಿಯುತ್ತಿದ್ದುದನ್ನು ನಾನು ಕಂಡಿದ್ದೆ. ಕಂಡದ್ದನ್ನು ಹೇಳಿದರೆ ತಪ್ಪೇನು ಎಂದುಕೊಂಡಿದ್ದೆ. ಆ ಹೆಸರುಗಳು ಸುಳ್ಳಾಗಿದ್ದರೆ ಮಾತ್ರ ಬೀಗರು ನಗುತ್ತಾರೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಾವ ಎಲೆ ಬಿಟ್ಟು ಎದ್ದರು. ಅಜ್ಜಿ ಒಮ್ಮೆ ನನ್ನತ್ತ ನೋಡಿ, ‘ಬಾಯಿ ನಂದ್ರಿ, ತಪ್ಪೂ ನಂದೇ’ ಎಂದು ಸೆರಗೊಡ್ಡಿದಳು. ಅಂದಿನಿಂದ ನಿನ್ನನ್ನು ತವರಿಗೆ ಕಳಿಸಿಲ್ಲ. ಪಂಚಮಿಗೂ ಇಲ್ಲ, ಹೆರಿಗೆಗೂ ಇಲ್ಲ.

ಶಾಲೆ ಬಿಟ್ಟ ಮೇಲೆ ಮೂರು ಕಡೆ ಕೆಲಸ ಹಿಡಿದು ಮೂರನ್ನೂ ಬಿಟ್ಟೆ. ಅಪ್ಪ ಸೋಮಾರಿ ಅನ್ನುತ್ತಾರೆ. ಅಜ್ಜಿಯ ಎದುರು ಕೂತು ಉಣ್ಣಲಾಗದೆ ಊರು ತಿರುಗುತ್ತೇನೆ ಎಂದು ಅವರಿಗೆ ಹೇಗೆ ಹೇಳಲಿ?

ಭಾವನಿಗೆ ನಮಸ್ಕಾರ, ಮಗುವಿಗೆ ಮುದ್ದು.

ನಿನ್ನ ತಮ್ಮ
ಮಹೇಶಕುಮಾರ

ಮತ್ತೆ: ಅಜ್ಜಿಗೆ ಲಕ್ವಾ ಹೊಡೆದು ಎಂಟು ದಿನವಾಯಿತು. ಮಾತು ತೊದಲುತ್ತದೆ, ‘ಉಜ್ವಲಾ ಬಂದ್ಳೇನು?’ ಎಂಬುದಷ್ಟೇ ತಿಳಿಯುತ್ತದೆ. ಹೆಸರಿಟ್ಟವನು ನಾನೆಂದು ಮಾವನವರಿಗೆ ಹೇಳುತ್ತೇನೆ. ನಾಲ್ಕು ಜನರೆದುರು ಮಾನ ಕಳೆದದ್ದಕ್ಕೆ ಕಾಲು ಹಿಡಿಯುತ್ತೇನೆ. ಆದರೆ ಕಂಡದ್ದೇ ಸುಳ್ಳು ಅನ್ನು ಎಂದರೆ ನನ್ನಿಂದ ಆಗುವುದಿಲ್ಲ ಅಕ್ಕಾ, ಅವರು ಅದೊಂದನ್ನು ಕೇಳದಿರಲಿ. ಪಂಡರಿ ಇದನ್ನು ಇಂದು ಸಂಜೆಯೇ ನಿನ್ನ ಕೈಗೆ ಕೊಡುತ್ತಾನೆ. ಬಟ್ಟೆ ಕಟ್ಟಿಟ್ಟಿರು. ನಿನ್ನನ್ನು ಕರೆತರಲು ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಿಮ್ಮೂರು ಕಲ್ಯಾಣಕ್ಕೆ ಹೊರಡುತ್ತೇನೆ.