ಚೆನ್ನಿಯ ಹಾಲುಹಲ್ಲು

ಅಪ್ಪಾ,

ನಿನ್ನ ಕುದುರೆಮರಿ ಚೆನ್ನಿ ಬೆಳಿಗ್ಗೆಯಿಂದ ಮುಂಗಾಲು ಊರುತ್ತಿಲ್ಲ. ಡಾಕ್ಟರು ಊದಿದ ಮಂಡಿ ಮುಟ್ಟಿ ನೋಡಿ, "ಏನಮ್ಮ, ಎರಡೂವರೆ ವರ್ಷದ್ದಕ್ಕೆ ಗಾಡಿ ಕಟ್ಟಿದ್ರಾ? ಮೂಳೆನೇ ಇನ್ನೂ ಬಲಿತಿಲ್ಲ. ಇನ್ಮೇಲೆ ಇದು ಎಳೆಯೋದು ಡೌಟೇ" ಅಂದರು.

ಕುಣಿಗಲ್‌ನಿಂದ ತಂದ ದಿನವೇ ನೀನು ಹೇಳಿದ್ದೆ: "ಎತ್ತರ ನೋಡಿ ಮೋಸ ಹೋಗ್ಬ್ಯಾಡ ಕಣವ್ವ. ಮುಂದಿನ ಹಾಲುಹಲ್ಲು ಬಿದ್ದು ಹೊಸವು ಬರ್ಲಿ, ಮೂರು ವರ್ಷ ತುಂಬ್ಲಿ. ಆಗ್ಲೂ ಮೊದ್ಲು ಖಾಲಿ ಗಾಡಿನೇ."

ನೀನು ತೀರಿಕೊಂಡ ಮೇಲೆ ಅದು ನನ್ನ ಭುಜ ಮೀರಿ ಬೆಳೆಯಿತು. ಬಾಯಿ ಬಿಡಿಸಿ ನೋಡಲೇ ಇಲ್ಲ ನಾನು. ನಿನ್ನ ಸಾರೋಟಿಗೆ ಕಟ್ಟಿ ಮದುವೆ ಮೆರವಣಿಗೆಗಳಿಗೆ ಕರೆದೊಯ್ದೆ. ನಿನ್ನೆ ಮರಳೂರಿನಲ್ಲಿ ಹತ್ತುವುದು ಗಂಡು ಹೆಣ್ಣು ಇಬ್ಬರೇ ಅಂದುಕೊಂಡಿದ್ದೆ. ಜೊತೆಗೆ ಇನ್ನೂ ನಾಲ್ವರು ಹತ್ತಿದರು. ಎಲ್ಲರೂ ನಗುತ್ತಿದ್ದರು, ಇಳಿಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಡಾಕ್ಟರು ಹೋದ ಮೇಲೆ ಬೂಸಾದ ಬಕೆಟ್ ತೊಳೆಯುವಾಗ ತಳದಲ್ಲಿ ಹಲ್ಲೊಂದು ಸಿಕ್ಕಿತು. ಚೆನ್ನಿಯ ಮೊದಲ ಹಾಲುಹಲ್ಲು, ಇವತ್ತು ಬಿದ್ದಿದೆ. ಯಾರಿಗೆ ತೋರಿಸಲಿ?

ಅದನ್ನು ಸೆರಗಿಗೆ ಕಟ್ಟಿಕೊಂಡು, ಸಾರೋಟಿಗೆ ಹೂಡುವಾಗ ಅದರ ಕೊರಳಿಗೆ ಕಟ್ಟುವ ಗೆಜ್ಜೆಪಟ್ಟಿ ಎತ್ತಿಡಲು ಹೋದೆ. ಗೆಜ್ಜೆ ಸದ್ದು ಕೇಳಿದ್ದೇ ತಡ, ಚೆನ್ನಿ ಮೂರೇ ಕಾಲಿನಲ್ಲಿ ಕುಂಟುತ್ತಾ ಬಂದು, ಕಟ್ಟು ಎನ್ನುವಂತೆ ನನ್ನ ಮುಂದೆ ಕತ್ತು ಚಾಚಿತು.