ಕವರಿನಲ್ಲೊಂದು ಕಿಂಡಿ

ಮಹಡಿ ಕೋಣೆ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಗಂಟಲು ಸರಿಹೋಯಿತೇ? ಹೊಸ ಮನೆಯ ವಿಳಾಸ ಹೊತ್ತ ನಿನ್ನ ಕಾರ್ಡು ತಲುಪಿತು. ವಿಳಾಸ ಬಿಟ್ಟರೆ ಅದರಲ್ಲಿ ಇನ್ನೇನೂ ಇರಲಿಲ್ಲ, ಆ ವಿಳಾಸವೂ ಟೈಪು ಮಾಡಿದ್ದು. ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ಅವನೇ ಕಳಿಸಿದ್ದು ಅಂತ ಏನು ಗ್ಯಾರಂಟಿ?" ಎಂದಳು. ಅವಳ ಮೊಣಕಾಲು ನೋವು ಹಾಗೇ ಇದೆ, ಬಾಯಿ ಗಟ್ಟಿಯಾಗಿದೆ. ನಾನು ಚೆನ್ನಾಗಿದ್ದೇನೆ.

ನಿಮ್ಮ ರೆಕಾರ್ಡಿನ ಕವರ್ ಕೊನೆಗೂ ನನ್ನ ತಲೆಗೇ ಬಂತು. ನೀವು ನಾಲ್ವರು ಬ್ಯಾಂಡ್ ಕಟ್ಟಿ ಆ ಷೆಡ್ಡಿನಲ್ಲಿ ಆಲ್ಟರ್ನೇಟಿವ್ ರಾಕ್ ಎಂದು ಅರಚಲು ಶುರುಮಾಡಿದ ದಿನವೇ "ಕವರ್ ನಮ್ಮಕ್ಕಂದೇ" ಎಂದು ನೀನು ಎಲ್ಲರಿಗೂ ಮಾತು ಕೊಟ್ಟಿದ್ದೆಯಲ್ಲ. ಆಮೇಲೆ ಹಾಡೆಲ್ಲ ರೆಕಾರ್ಡ್ ಆದ ಮೇಲೆ, ಕೊನೆಯ ಹಾಡಿನ ತುದಿಗೆ ಡ್ರಮ್ ಬೇಕೋ ಬೇಡವೋ ಎಂಬ ಜಗಳಕ್ಕೆ ನೀನು ಗಂಟುಮೂಟೆ ಕಟ್ಟಿದೆ. ಉಳಿದ ಮೂವರು ರೆಕಾರ್ಡನ್ನು ಹೊರಗೆ ತರುತ್ತಿದ್ದಾರೆ. ಡ್ರಮ್ಮಿನವನು ಬಂದು, "ಅಕ್ಕಾ, ಫೋಟೋದಿಂದ ಅವನನ್ನ ತೆಗೆದ್ಬಿಡಿ, ನೋಡಿದ್ರೇನೇ ಮೈ ಉರಿಯುತ್ತೆ" ಎಂದ. ಎಲ್ಲ ಹಾಡಿನಲ್ಲೂ ನಿನ್ನದೇ ದನಿ ಇರುವಾಗ ಮುಖವೊಂದನ್ನು ತೆಗೆದು ಏನು ಸಾಧಿಸುತ್ತಾರೋ. ಆದರೂ ಕೆಲಸ ಕೆಲಸವೇ. ಸರಿ ಎಂದೆ.

ಷೆಡ್ಡಿನ ಹಿಂದಿನ ಕಬ್ಬಿಣದ ಮೆಟ್ಟಿಲ ಮೇಲೆ ನೀವು ಕೂತಿದ್ದ ಫೋಟೋ ಅದು. ನಿನ್ನನ್ನು ಅಳಿಸಿ, ನಿನ್ನ ಹಿಂದಿನ ಮೆಟ್ಟಿಲನ್ನು ನಾನೇ ಬರೆದು ತುಂಬಿದೆ. ಕೈಚಳಕಕ್ಕೇನೂ ಕೊರತೆಯಿರಲಿಲ್ಲ. ಆದರೆ ಮೂವರೂ ನಿನ್ನ ಕಡೆಗೇ ವಾಲಿಕೊಂಡಿದ್ದಾರೆ. ಗಿಟಾರಿನವನ ಕೈ ಯಾರದೂ ಅಲ್ಲದ ಹೆಗಲ ಮೇಲೆ ಗಾಳಿಯಲ್ಲಿ ನಿಂತಿದೆ. ಡ್ರಮ್ಮಿನವನಂತೂ ನಿನ್ನ ಮಾತಿಗೆ ಹಲ್ಲು ಕಿರಿದು ನಗುತ್ತಿದ್ದವನು ಈಗ ಖಾಲಿ ಮೆಟ್ಟಿಲನ್ನು ನೋಡಿ ನಗುತ್ತಿದ್ದಾನೆ. ಅವನಿಗೇನೋ ಆಗಿದೆ ಎಂದು ನೋಡಿದವರು ಗಾಬರಿಯಾಗಬೇಕು, ಹಾಗೆ.

ಬೇರೆ ದಾರಿ ಕಾಣದೆ, ನೀನು ಕೂತಿದ್ದ ಜಾಗವನ್ನು ನಿನ್ನ ಆಕಾರಕ್ಕೇ ಕತ್ತರಿಸಿದೆ. ಈಗ ಕವರಿನಲ್ಲೊಂದು ಕಿಂಡಿ ಇದೆ. ರೆಕಾರ್ಡನ್ನು ಇಡುವ ಒಳಗಿನ ಲಕೋಟೆ ಅದರಲ್ಲಿ ಕಾಣುತ್ತದೆ. ಲಕೋಟೆಯ ಒಂದು ಮಗ್ಗುಲಿಗೆ ಬರೀ ಮೆಟ್ಟಿಲಿನ ಚಿತ್ರ, ಇನ್ನೊಂದು ಮಗ್ಗುಲಿಗೆ ನೀನು. ಹೇಗೆ ತೂರಿಸಿದರೆ ಹಾಗೆ. ಡ್ರಮ್ಮಿನವನಿಗೆ ಮೆಟ್ಟಿಲಿನ ಮಗ್ಗುಲನ್ನಷ್ಟೇ ತೋರಿಸುವ ಲೆಕ್ಕಾಚಾರ ನನ್ನದು.

ನನ್ನ ಅಭ್ಯಾಸ ನಿನಗೆ ಗೊತ್ತಲ್ಲ. ಕವರಿನ ಮಾದರಿಯನ್ನು ರಟ್ಟಿನಲ್ಲಿ ಅಂಟಿಸಿ ಕಪಾಟಿಗೆ ಒರಗಿಸಿಟ್ಟು, ಅಡುಗೆಮನೆಗೆ ಹೋಗಿ ಬರುವಾಗೆಲ್ಲ ಒಂದು ಕಣ್ಣು ಹಾಯಿಸುವುದು. ಎಂಟು ದಿನವಾದರೂ ಬೇಸರ ಬರದಿದ್ದರೆ ಅದು ಪ್ರೆಸ್ಸಿಗೆ ಹೋಗಲು ಯೋಗ್ಯ. ಈ ಸಲ ಧೂಳು ಒರೆಸುವ ನೆಪದಲ್ಲಿ ಅಮ್ಮ ಲಕೋಟೆಯನ್ನು ಎಳೆದು ನೋಡಿದ್ದಾಳೆ. ನಿನ್ನನ್ನು ಕಂಡಿದ್ದಾಳೆ, ನೀನು ಕಾಣುವ ಹಾಗೆ ತಿರುಗಿಸಿ ಇಟ್ಟಿದ್ದಾಳೆ. ನಾನು ಮೆಟ್ಟಿಲಿಗೆ ತಿರುಗಿಸಿದರೆ, ಚಹಾ ಇಳಿಸುವಷ್ಟರಲ್ಲಿ ನೀನು ಮತ್ತೆ ಕೂತಿರುತ್ತಿದ್ದೆ.

ಒಪ್ಪಿಗೆ ಕೊಡಲು ನಿನ್ನೆ ಡ್ರಮ್ಮಿನವನು ಬಂದಾಗಲೂ ನೀನೇ ಕೂತಿದ್ದೆ. ತಿರುಗಿಸಲು ನನಗೆ ಪುರುಸೊತ್ತಾಗಲಿಲ್ಲ. ಅವನು ಕವರನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ. ಬೈಯುತ್ತಾನೆಂದು ನಾನು ಕಾದೆ, ಅಮ್ಮ ಬಾಗಿಲಲ್ಲಿ ಧೂಳೊರೆಸುವ ಬಟ್ಟೆ ಹಿಡಿದು ಕಾದಳು. ಅವನು ಲಕೋಟೆಯನ್ನು ಎಳೆದ, ಮೆಟ್ಟಿಲಿನ ಮಗ್ಗುಲು ನೋಡಿದ, ತೂರಿಸಿದ, ಮತ್ತೆ ಎಳೆದು ನೀನಿರುವ ಹಾಗೇ ಇಟ್ಟ. ಆರಿದ ಚಹಾ ಕುಡಿದು ಹೋದ. ಅವನ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು. ನಿನ್ನ ಮೇಲಿನದು ಹಾಗೇ ಇದೆ.

ಹೊತ್ತಿಗೆ ಸರಿಯಾಗಿ ಉಣ್ಣು, ತಣ್ಣೀರು ಕುಡಿದು ಗಂಟಲು ಹಾಳುಮಾಡಿಕೊಳ್ಳಬೇಡ. ಅಮ್ಮನ ಆಶೀರ್ವಾದ ಇದರ ಜೊತೆಗಿದೆ, ನಾಲ್ಕು ಬೈಗುಳವೂ ಇದ್ದವು, ಅವನ್ನು ನಾನು ಬಿಟ್ಟಿದ್ದೇನೆ.

ಇಂತಿ,
ನಿನ್ನ ಅಕ್ಕ

ಮರೆತೇಬಿಟ್ಟಿದ್ದೆ: ಅಂಗಡಿಗೆ ಹೋಗುವಾಗ ಲಕೋಟೆಯ ಯಾವ ಮಗ್ಗುಲು ಮುಂದಿರಬೇಕು ಎಂದು ಪ್ರೆಸ್ಸಿನವರು ಕೇಳುತ್ತಿದ್ದಾರೆ. ಡ್ರಮ್ಮಿನವನು ಮೆಟ್ಟಿಲು ಇಳಿಯುತ್ತಾ, "ಅದನ್ನ ಅವನನ್ನೇ ಕೇಳಿ ಅಕ್ಕಾ. ಕೊನೇ ಹಾಡಲ್ಲಿ ಡ್ರಮ್ ಬೇಡ ಅಂದ್ರೆ ತೆಗೀತೀನಿ ಅಂತನೂ ಹೇಳಿ" ಎಂದ. ನಿನ್ನ ಮುಖವಾಗಲಿ ಡ್ರಮ್ಮಾಗಲಿ, ಇರಲಿ ಅಥವಾ ಬೇಡ ಎಂದು ಒಂದು ಮಾತು ಬರಿ. ಬೇಡ ಎನ್ನುವುದಾದರೂ ಕೈಯಲ್ಲೇ ಬರಿ. ಅಮ್ಮ ನಿನ್ನ ಅಕ್ಷರ ನೋಡಬೇಕಂತೆ.